ಇಂಗ್ಲಿಷಿನ ಕಠಿಣ ಪದಗಳನ್ನು ಕಲಿಯುವ ಬಗೆ: ಅರ್ಥ ಗೊತ್ತಾದರೆ ಅರ್ಧ ಕೆಲಸವೂ ಆಗಿಲ್ಲ

ಎಡಗಡೆ ಇಂಗ್ಲಿಷ್ ಪದ, ಬಲಗಡೆ ಕನ್ನಡ ಅರ್ಥ, ನಡುವೆ ಒಂದು ಗೆರೆ. ಪದಸಂಪತ್ತು ಬೆಳೆಸಲು ಹೊರಟ ಬಹುತೇಕರು ಮೊದಲು ಮಾಡುವುದು ಇದನ್ನೇ. ‘ಅಬಾಂಡನ್: ತ್ಯಜಿಸು, ಅಬೇಟ್: ತಗ್ಗು’ ಎಂದು ಎ ಅಕ್ಷರದಿಂದ ಉರು ಹೊಡೆಯಲು ಶುರುಮಾಡಿ, ಸಿ ಅಕ್ಷರ ಮುಟ್ಟುವ ಹೊತ್ತಿಗೆ ಎ ಅಕ್ಷರದ ಪದಗಳೆಲ್ಲ ಮರೆತಿರುತ್ತವೆ. ಮರೆಯದೆ ಉಳಿದವೂ ಬಳಕೆಗೆ ಒದಗುವುದಿಲ್ಲ. ಪರೀಕ್ಷೆಯಲ್ಲಿ ಅರ್ಥ ಕೇಳಿದರೆ ಬರೆಯಬಹುದು, ಆದರೆ ಒಂದು ಪತ್ರದಲ್ಲಿ ಆ ಪದ ಹಾಕಲು ಕೈ ತಡವರಿಸುತ್ತದೆ. ಆ ಪದ ಯಾವ ಪದದ ಪಕ್ಕ ಕೂರುತ್ತದೆ, ಹೊಗಳಿಕೆಯೋ ತೆಗಳಿಕೆಯೋ, ಮುಂದೆ ಯಾವ ಪ್ರಿಪೊಸಿಷನ್ (ವಿತ್, ಟು, ಆನ್ ಥರದ ಪದ) ಬೇಡುತ್ತದೆ ಎಂಬುದು ಆ ಎರಡು ಸಾಲಿನ ಪಟ್ಟಿಯಲ್ಲಿ ಇರಲೇ ಇಲ್ಲವಲ್ಲ!

ಈ ಲೇಖನ ಹೇಳುವುದು ಬೇರೆ ಕ್ರಮ. ಪದಗಳು ಕಡಿಮೆ, ಒಂದೊಂದರ ಮೇಲೆ ಮಾಡುವ ಕೆಲಸ ಹೆಚ್ಚು.

ಮೊದಲು ಒಂದು ಪುಟ ಎಣಿಸಿ

ನೀವು ನಿಜಕ್ಕೂ ಓದಬೇಕೆಂದಿರುವ ಇಂಗ್ಲಿಷ್ ಬರಹ ಯಾವುದೋ ಅದನ್ನೇ ತೆಗೆದುಕೊಳ್ಳಿ. ಪಠ್ಯಪುಸ್ತಕ, ಪತ್ರಿಕೆಯ ಸಂಪಾದಕೀಯ, ಕಾದಂಬರಿ, ಯಾವುದಾದರೂ ಸರಿ. ಸುಮಾರು 300 ಪದಗಳ ಭಾಗ ಗುರುತಿಸಿ, ಅರ್ಥ ಖಚಿತವಾಗಿ ಗೊತ್ತಿಲ್ಲದ ಪದಗಳ ಅಡಿ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ‘ಎಲ್ಲೋ ಕೇಳಿದ ಹಾಗಿದೆ’ ಎನ್ನುವ ಪದವೂ ಗೊತ್ತಿಲ್ಲದ್ದೇ.

ಗೆರೆ ಬಿದ್ದ ಪದ 6ರೊಳಗಿದ್ದರೆ, ಅಂದರೆ ಶೇ 2ರೊಳಗೆ, ಆ ಬರಹವನ್ನು ನಿಘಂಟಿಲ್ಲದೆ ಓದಬಲ್ಲಿರಿ. ಅಲ್ಲಿ ಸಿಗುವ ಹೊಸ ಪದಗಳೇ ನಿಮ್ಮ ಕಲಿಕೆಗೆ ಅತ್ಯುತ್ತಮ ಸಾಮಗ್ರಿ. 6ರಿಂದ 15ರವರೆಗೆ ಇದ್ದರೆ ಕಷ್ಟಪಟ್ಟು ಓದಬಹುದು. 15 ದಾಟಿದರೆ ಆ ಬರಹವನ್ನು ಸದ್ಯಕ್ಕೆ ಬದಿಗಿಡಿ. ಕಠಿಣ ಪದಗಳ ಬೆನ್ನು ಹತ್ತುವ ಕಾಲ ಇನ್ನೂ ಬಂದಿಲ್ಲ, ಸಾಮಾನ್ಯ ಪದಗಳೇ ಬಾಕಿ ಇವೆ ಎಂದು ಅರ್ಥ. ಇಪ್ಪತ್ತು ಪದಕ್ಕೊಂದು ತಿಳಿಯದೆ ಹೋದರೆ ಸಂದರ್ಭದಿಂದ ಅರ್ಥ ಊಹಿಸುವುದೂ ಆಗುವುದಿಲ್ಲ, ಸಂದರ್ಭವೇ ಮಸುಕಾಗಿರುತ್ತದೆ.

ಎಷ್ಟು ಪದ ಬೇಕು ಎಂಬ ಪ್ರಶ್ನೆಗೆ ಭಾಷಾಶಾಸ್ತ್ರಜ್ಞ ಪಾಲ್ ನೇಶನ್ 2006ರಲ್ಲಿ ಕೊಟ್ಟ ಲೆಕ್ಕ ಇಂದಿಗೂ ಬಳಕೆಯಲ್ಲಿದೆ: ಕಾದಂಬರಿ, ಪತ್ರಿಕೆಗಳ ಶೇ 98ರಷ್ಟು ಪದಗಳು ಗೊತ್ತಿರಬೇಕಾದರೆ 8,000ದಿಂದ 9,000 ಪದಕುಟುಂಬಗಳು ಬೇಕು. ಪದಕುಟುಂಬ ಎಂದರೆ ಒಂದು ಪದ ಮತ್ತು ಅದರ ಮಕ್ಕಳು ಮರಿಗಳು. ಅಕ್ಸೆಪ್ಟ್, ಅಕ್ಸೆಪ್ಟೆಡ್, ಅಕ್ಸೆಪ್ಟಬಲ್, ಅನಕ್ಸೆಪ್ಟಬಲ್ ಎಲ್ಲ ಸೇರಿ ಒಂದು. ಉನ್ನತ ವ್ಯಾಸಂಗಕ್ಕೆ ಹೊರಟವರಿಗೆ ಹತ್ತಿರದ ದಾರಿಯೊಂದಿದೆ. ಭಾಷಾತಜ್ಞೆ ಎವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್‌ನಲ್ಲಿ ಇರುವುದು ಕೇವಲ 570 ಕುಟುಂಬಗಳು. ವಿದ್ವತ್ ಬರಹಗಳ ಸುಮಾರು ಶೇ 10ರಷ್ಟು ಪದಗಳು ಇವೇ. ಯಾರೂ ಬಳಸದ ಅಪರೂಪದ ಪದಗಳ ಪಟ್ಟಿ ಕೊಳ್ಳುವ ಮೊದಲು ಈ 570ರಲ್ಲಿ ಎಷ್ಟು ಗೊತ್ತು ಎಂದು ನೋಡಿಕೊಳ್ಳಿ.

ಯಾವ ಪದ ಹಿಡಿಯಬೇಕು, ಯಾವುದನ್ನು ಬಿಡಬೇಕು

ಓದುವಾಗ ಕಂಡ ಪ್ರತಿ ಹೊಸ ಪದವನ್ನೂ ಬರೆದುಕೊಳ್ಳಬೇಡಿ. ಪುಟದ ಅಂಚಿನಲ್ಲಿ ಒಂದು ಚುಕ್ಕೆ ಇಟ್ಟು ಮುಂದೆ ಹೋಗಿ. ಅದೇ ಪದ ಬೇರೆಡೆ ಎರಡನೆಯ ಸಲ ಎದುರಾದರೆ ಆಗ ನಿಘಂಟು ತೆರೆಯಿರಿ. ಎರಡು ಸಲ ಬಂದದ್ದು ಮೂರನೆಯ ಸಲವೂ ಬರುವ ಸಾಧ್ಯತೆ ಹೆಚ್ಚು.

ಹಿಡಿದ ಪದಗಳನ್ನು ಎರಡು ಗುಂಪು ಮಾಡಿ: ಕಂಡರೆ ಗುರುತಿಸಿದರೆ ಸಾಕು ಎನ್ನುವವು, ನಾನೇ ಬಳಸಬೇಕು ಎನ್ನುವವು. ಲೊಕ್ವೇಷಿಯಸ್ (ಬಾಯಿಬಡುಕ) ಎಂಬುದನ್ನು ಗುರುತಿಸಿದರೆ ಸಾಕು, ಬರೆಯುವಾಗ ಟಾಕಟಿವ್ ಎಂದರೆ ಆಯಿತು. ಪ್ಲಾಸಿಬಲ್ (ನಂಬುವಂತಿರುವ) ಮಾತ್ರ ನಿಮ್ಮ ಕೈಯಲ್ಲೇ ಇರಬೇಕು, ಅದರ ಕೆಲಸವನ್ನು ಬೇರೆ ಸರಳ ಪದ ಮಾಡುವುದಿಲ್ಲ. ಮೊದಲ ಗುಂಪಿಗೆ ಒಂದು ಸಾಲು ಸಾಕು. ಮುಂದೆ ಹೇಳುವ ಶ್ರಮವೆಲ್ಲ ಎರಡನೆಯ ಗುಂಪಿಗೆ.

ಒಂದು ಪದಕ್ಕೆ ಒಂದು ಚೀಟಿ

ಅಂಗೈಯಗಲದ ಚೀಟಿ ಸಾಕು. ಮುಂಭಾಗದಲ್ಲಿ ಪದ ಬೇಡ. ಪದದ ಜಾಗ ಖಾಲಿ ಬಿಟ್ಟ ವಾಕ್ಯ, ಜೊತೆಗೆ ಕನ್ನಡದಲ್ಲಿ ಒಂದು ಸುಳಿವು ಇರಲಿ. ಹಿಂಭಾಗದಲ್ಲಿ ಪದ ಮತ್ತು ಅದರ ಜಾತಕ. ಪದ ನೋಡಿ ಅರ್ಥ ಹೇಳುವುದು ಸುಲಭ. ಬರೆಯುವಾಗ, ಮಾತಾಡುವಾಗ ಬೇಕಾಗುವುದು ಉಲ್ಟಾ ಕೆಲಸ, ಮನಸ್ಸಿನಲ್ಲಿರುವ ಅರ್ಥಕ್ಕೆ ಪದ ಹೊಳೆಯಬೇಕು. ಅಭ್ಯಾಸವೂ ಆ ದಿಕ್ಕಿನಲ್ಲೇ ಆಗಬೇಕು.

ಮಿಟಿಗೇಟ್ ಎಂಬ ಪದದ ಚೀಟಿ ಹೀಗಿರಬಹುದು. ಮುಂದೆ: ‘ಮರ ನೆಟ್ಟರೆ ಬಿಸಿಲಿನ ಪರಿಣಾಮವನ್ನು ಒಂದಷ್ಟು ತಗ್ಗಿಸಬಹುದು’ ಎಂಬ ಅರ್ಥದ ಇಂಗ್ಲಿಷ್ ವಾಕ್ಯ, ಕ್ರಿಯಾಪದದ ಜಾಗ ಖಾಲಿ, ಸುಳಿವಿಗೆ ಮೊದಲ ಅಕ್ಷರ ಎಂ. ಹಿಂದೆ ಬರೆಯಬೇಕಾದದ್ದು:

- ಉಚ್ಚಾರ: ಒತ್ತು ಮೊದಲ ‘ಮಿ’ ಮೇಲೆ.
- ಬಗೆ: ಕ್ರಿಯಾಪದ, ಕರ್ಮಪದ ಬೇಕೇ ಬೇಕು.
- ಅರ್ಥ: ಕೆಟ್ಟದ್ದರ ತೀವ್ರತೆ ತಗ್ಗಿಸು. ಪೂರ್ತಿ ನಿಲ್ಲಿಸುವುದಲ್ಲ.
- ಸಂಗಡಿಗರು: ರಿಸ್ಕ್, ಇಂಪ್ಯಾಕ್ಟ್, ಎಫೆಕ್ಟ್ಸ್, ಡ್ಯಾಮೇಜ್. ನ್ಯಾಯಾಲಯದ ಭಾಷೆಯಲ್ಲಿ ಮಿಟಿಗೇಟಿಂಗ್ ಸರ್ಕಮ್‌ಸ್ಟಾನ್ಸಸ್, ಶಿಕ್ಷೆ ಕಡಿಮೆ ಮಾಡಲು ಪರಿಗಣಿಸುವ ಸಂದರ್ಭಗಳು.
- ಕುಟುಂಬ: ಮಿಟಿಗೇಷನ್, ಅನ್‌ಮಿಟಿಗೇಟೆಡ್ ಡಿಸಾಸ್ಟರ್ ಎಂದರೆ ಸಮಾಧಾನಕ್ಕೆ ಎಡೆಯೇ ಇಲ್ಲದ ಸಂಪೂರ್ಣ ಅನಾಹುತ.
- ಎಡವುವ ಜಾಗ: ಮಿಟಿಗೇಟ್ ಮುಂದೆ ಅಗೇನ್‌ಸ್ಟ್ ಬರುವುದಿಲ್ಲ. ಅದು ಮಿಲಿಟೇಟ್ ಎಂಬ ಬೇರೆ ಪದದ ಸ್ವತ್ತು, ಅರ್ಥ ‘ವಿರುದ್ಧವಾಗಿ ಕೆಲಸ ಮಾಡು’.
- ಕೊನೆಗೆ ನಿಮ್ಮದೇ ಒಂದು ವಾಕ್ಯ.

ಸಂಗಡಿಗರ ಸಾಲು ಬಿಟ್ಟರೆ ಚೀಟಿ ಬರೆದೂ ದಂಡ. ನಮ್ಮ ಭಾಷೆಯಲ್ಲೇ ನೋಡಿ: ಆಣೆ ಇಡುತ್ತೇವೆ, ಪ್ರಮಾಣ ಮಾಡುತ್ತೇವೆ. ಎರಡರ ಅರ್ಥ ಹೆಚ್ಚುಕಡಿಮೆ ಒಂದೇ, ಆದರೂ ‘ಪ್ರಮಾಣ ಇಟ್ಟ’ ಎಂದರೆ ಕೇಳಿದವರು ನಗುತ್ತಾರೆ. ಯಾಕೆ ಎಂದರೆ ಕಾರಣ ಹೇಳಲು ಬಾರದು, ಅದು ರೂಢಿ. ಇಂಗ್ಲಿಷಿನಲ್ಲಿಯೂ ನೋವು, ಬಡತನ, ಸಂಕಟಗಳಿಗೆ ಅಲೀವಿಯೇಟ್ ಒಗ್ಗುತ್ತದೆ, ಅಪಾಯಕ್ಕೆ ಮಿಟಿಗೇಟ್. ಎರಡಕ್ಕೂ ‘ತಗ್ಗಿಸು’ ಎಂದು ಮಾತ್ರ ಬರೆದುಕೊಂಡವರಿಗೆ ಈ ಗೆರೆ ಕಾಣುವುದೇ ಇಲ್ಲ.

ಈ ವಿವರಗಳೆಲ್ಲ ಸಿಗುವುದು ಕಲಿಯುವವರಿಗೆಂದೇ ಮಾಡಿದ ಲರ್ನರ್ಸ್ ಡಿಕ್ಷನರಿಗಳಲ್ಲಿ. ಅವುಗಳಲ್ಲಿ ವಿವರಣೆ ಬರೆಯುವುದೇ ಎರಡು ಮೂರು ಸಾವಿರ ಸುಲಭ ಪದಗಳ ಮಿತಿಯೊಳಗೆ. ಉದಾಹರಣೆ ವಾಕ್ಯಗಳಲ್ಲಿ ದಪ್ಪಕ್ಷರದಲ್ಲಿ ಕಾಣುವುದೇ ಸಂಗಡಿಗರು. ‘ಫಾರ್ಮಲ್’, ‘ಡಿಸಪ್ರೂವಿಂಗ್’, ‘ಓಲ್ಡ್-ಫ್ಯಾಷನ್ಡ್’ ಎಂಬ ಸಣ್ಣ ಗುರುತುಗಳನ್ನು ಹಾರಿಸಬೇಡಿ. ಅನುವಾದದ ಆ್ಯಪ್ ಕನ್ನಡ ಅರ್ಥ ಕೊಡುತ್ತದೆ ನಿಜ, ಆದರೆ ಈ ಗುರುತುಗಳನ್ನು ಕೊಡುವುದಿಲ್ಲ. ಮೊದಲು ಲರ್ನರ್ಸ್ ಡಿಕ್ಷನರಿ, ಆಮೇಲೆ ಕನ್ನಡ ಅರ್ಥ. ಕ್ರಮ ಅದಲುಬದಲಾದರೆ ಕನ್ನಡ ಪದ ತಲೆಯಲ್ಲಿ ಕೂತುಬಿಡುತ್ತದೆ, ಇಂಗ್ಲಿಷ್ ವಿವರಣೆ ಒಳಗೆ ಇಳಿಯುವುದಿಲ್ಲ.

‘ಒಪ್ಪು’ ಎಂಬ ಒಂದೇ ಬೀಗದಕೈ

ಕನ್ನಡದ ಒಂದು ಪದ ಇಂಗ್ಲಿಷಿನ ಐದಾರು ಪದಗಳ ಮೇಲೆ ಕೂತಿರುವುದು ಕಲಿಯುವವರಿಗೆ ದೊಡ್ಡ ತೊಡಕು. ‘ಒಪ್ಪು’ ಇದಕ್ಕೆ ಒಳ್ಳೆಯ ಮಾದರಿ.

ಅಗ್ರೀ ಎಂದರೆ ಅಭಿಪ್ರಾಯ ಒಂದೇ ಆಗಿರುವುದು. ಅಡ್ಮಿಟ್ ಎಂದರೆ ತನಗೆ ಮುಜುಗರ ತರುವ ಸಂಗತಿಯನ್ನು ನಿಜವೆಂದು ಒಪ್ಪಿಕೊಳ್ಳುವುದು. ಕನ್ಸೀಡ್ ಎಂದರೆ ವಾದ ಮಾಡಿ ಮಾಡಿ, ಬೇರೆ ದಾರಿ ಕಾಣದೆ, ಮನಸ್ಸಿಲ್ಲದೆ ಒಪ್ಪುವುದು. ಅದಕ್ಕೇ ಚುನಾವಣೆಯಲ್ಲಿ ಸೋಲೊಪ್ಪಿಕೊಂಡರೆ ಕನ್ಸೀಡ್ ಡಿಫೀಟ್. ಕನ್ಸೆಂಟ್ ಎಂದರೆ ಅನುಮತಿ ಕೊಡುವುದು, ಶಸ್ತ್ರಚಿಕಿತ್ಸೆಗೆ ಸಹಿ ಹಾಕುವ ಒಪ್ಪಿಗೆ ಇದು. ಕಾಂಪ್ಲೈ ಎಂದರೆ ನಿಯಮಕ್ಕೆ ತಕ್ಕಂತೆ ನಡೆಯುವುದು. ಇಲ್ಲಿ ಮನಸ್ಸು ಒಪ್ಪಿದೆಯೋ ಇಲ್ಲವೋ ಯಾರೂ ಕೇಳುವುದಿಲ್ಲ. ಆಕ್ವಿಯೆಸ್ ಎಂದರೆ ಇಷ್ಟವಿಲ್ಲದಿದ್ದರೂ ತಕರಾರು ಎತ್ತದೆ ಸುಮ್ಮನಿದ್ದುಬಿಡುವುದು. ಮೌನಂ ಸಮ್ಮತಿ ಲಕ್ಷಣಂ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಅದೇ.

ಆರಕ್ಕೂ ಚೀಟಿಯಲ್ಲಿ ‘ಒಪ್ಪು’ ಎಂದು ಬರೆದರೆ ಆರೂ ಕಲಸುಮೇಲೋಗರ. ಯಾರು, ಯಾರಿಗೆ, ಯಾವ ಮನಸ್ಸಿನಿಂದ ಒಪ್ಪುತ್ತಿದ್ದಾರೆ ಎಂದು ಅರ್ಧ ಸಾಲು ಕನ್ನಡದಲ್ಲಿ ಬರೆಯಿರಿ. ‘ಸೋತು ಒಪ್ಪು’, ‘ಸಹಿ ಹಾಕಿ ಒಪ್ಪು’, ‘ಸುಮ್ಮನಿದ್ದು ಒಪ್ಪು’ ಎಂದರೂ ಸಾಕು.

ಪ್ರಿಪೊಸಿಷನ್ನಿನ ತೊಂದರೆಯೂ ಇಲ್ಲಿಂದಲೇ ಬರುತ್ತದೆ. ನಾವು ‘ಅದರ ಬಗ್ಗೆ ಚರ್ಚಿಸಿದೆವು’ ಎನ್ನುವುದರಿಂದ ಡಿಸ್ಕಸ್ ಅಬೌಟ್ ಎಂದುಬಿಡುತ್ತೇವೆ. ‘ಅದರ ಮೇಲೆ ಒತ್ತು ಕೊಟ್ಟರು’ ಎನ್ನುವುದರಿಂದ ಎಂಫಸೈಜ್ ಆನ್ ಎನ್ನುತ್ತೇವೆ. ಎರಡೂ ತಪ್ಪು, ಆ ಕ್ರಿಯಾಪದಗಳಿಗೆ ನೇರ ಕರ್ಮಪದ ಸಾಕು. ಕಾಂಪ್ಲೈ ಮುಂದೆ ವಿತ್ ಬೇಕು, ಕನ್ಸೆಂಟ್ ಮುಂದೆ ಟು. ಪದದ ಜೊತೆಗೇ ಇದನ್ನೂ ಒಂದೇ ಉಸಿರಿನಲ್ಲಿ ಕಲಿಯಿರಿ, ಆಮೇಲೆ ತಿದ್ದುವುದು ಎರಡು ಪಟ್ಟು ಕೆಲಸ.

ಪದದ ಮುಖದಲ್ಲಿ ನಗುವೋ ಸಿಡುಕೋ

ಮಿತವ್ಯಯಿ, ಜಿಪುಣ, ಜುಗ್ಗ. ಮೂವರೂ ಕೈ ಬಿಗಿ ಹಿಡಿದವರೇ, ಆದರೆ ಮೊದಲನೆಯವನನ್ನು ಹೊಗಳಿದ್ದೇವೆ, ಉಳಿದಿಬ್ಬರನ್ನು ಬೈದಿದ್ದೇವೆ. ಇಂಗ್ಲಿಷಿನಲ್ಲಿ ಥ್ರಿಫ್ಟಿ ಹೊಗಳಿಕೆ, ಫ್ರೂಗಲ್ ಬಹುಮಟ್ಟಿಗೆ ಹೊಗಳಿಕೆ, ಸ್ಟಿಂಜಿ ಮತ್ತು ಮೈಸರ್ಲಿ ಬೈಗುಳ, ಪಾರ್ಸಿಮೋನಿಯಸ್ ಎಂಬುದು ಪಂಡಿತರ ಬಾಯಿಯ ಬೈಗುಳ. ಹಾಗೆಯೇ ಫೇಮಸ್ ಎಂದರೆ ಪ್ರಖ್ಯಾತ, ನಟೋರಿಯಸ್ ಎಂದರೆ ಕುಖ್ಯಾತ. ಪಟ್ಟಿಯಲ್ಲಿ ಎರಡಕ್ಕೂ ‘ಪ್ರಸಿದ್ಧ’ ಎಂದು ಬರೆದುಕೊಂಡವರು ಗುರುಗಳನ್ನು ನಟೋರಿಯಸ್ ಸ್ಕಾಲರ್ ಎಂದು ಪರಿಚಯಿಸುವ ಅಪಾಯವಿದೆ. ಚೀಟಿಯ ಮೂಲೆಯಲ್ಲಿ ಒಂದು ಕೂಡುವ ಚಿಹ್ನೆ, ಕಳೆಯುವ ಚಿಹ್ನೆ ಅಥವಾ ಸೊನ್ನೆ ಹಾಕಿಟ್ಟರೆ ಈ ಕೆಲಸ ಮುಗಿಯಿತು.

ಇನ್ನೊಂದು ಅಳತೆ ಪದದ ಭಾರ. ಮನೆಯಲ್ಲಿ ನೀರು ಕುಡಿದು ‘ಜಲಪಾನ ಮಾಡಿದೆ’ ಎನ್ನುವವರುಂಟೇ? 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನದ, ಕಾನೂನಿನ ಮಾತು ಫ್ರೆಂಚ್ ಆಯಿತು, ವಿದ್ವತ್ತಿನ ಭಾಷೆ ಲ್ಯಾಟಿನ್ ಆಗಿತ್ತು, ಜನರ ಬಾಯಲ್ಲಿ ಹಳೆಯ ಇಂಗ್ಲಿಷ್ ಉಳಿಯಿತು. ಅದಕ್ಕೇ ಬಿಗಿನ್ ಜೊತೆ ಕಮೆನ್ಸ್, ಆಸ್ಕ್ ಜೊತೆ ಎನ್‌ಕ್ವೈರ್, ಎಂಡ್ ಜೊತೆ ಟರ್ಮಿನೇಟ್ ಇವೆ. ನಮ್ಮ ‘ಸಾವು’ ಮತ್ತು ‘ನಿಧನ’ ಇದ್ದ ಹಾಗೆ. ಭಾರದ ಪದವೇ ಉತ್ತಮ ಪದ ಎಂದುಕೊಂಡು ಎಲ್ಲೆಡೆ ಯೂಸ್ ತೆಗೆದು ಯುಟಿಲೈಜ್ ತುರುಕಿದ ಬರಹ ಓದಲು ಬಲು ಬೇಸರ.

ಬೇರು ಹಿಡಿದರೆ ಹತ್ತು ಪದ

ಇಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ, ಬಹಳ ಜನ ಅದನ್ನು ಬಳಸಿಕೊಳ್ಳುವುದೇ ಇಲ್ಲ. ಕನ್ನಡ ದ್ರಾವಿಡ ಭಾಷೆಯೇ ಆದರೂ ಸಂಸ್ಕೃತದ ಸಾವಿರಾರು ಪದಗಳು ನಮ್ಮ ನಾಲಗೆಯಲ್ಲಿವೆ. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದವು ಎಂಬುದನ್ನು ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತೆಯ ಉಪನ್ಯಾಸವೊಂದರಲ್ಲಿ ಎತ್ತಿ ಹೇಳಿದ. ಇಂಗ್ಲಿಷಿನ ಕಠಿಣ ಪದಗಳ ದೊಡ್ಡ ಪಾಲು ಬಂದಿರುವುದು ಲ್ಯಾಟಿನ್, ಗ್ರೀಕ್ ಬೇರುಗಳಿಂದ. ಅಂದಮೇಲೆ ಅವುಗಳ ಅಣ್ಣತಮ್ಮಂದಿರು ಎಷ್ಟೋ ಸಲ ನಮ್ಮ ಮನೆಯಲ್ಲೇ ಇದ್ದಾರೆ.

‘ನವ’ ಗೊತ್ತಿದ್ದರೆ ನೊವ್ ಗೊತ್ತು: ನಾವೆಲ್ ಎಂದರೆ ಹೊಸತಾದ, ನಾವಿಸ್ ಎಂದರೆ ಹೊಸಬ, ರೆನೊವೇಟ್ ಎಂದರೆ ಮತ್ತೆ ಹೊಸದು ಮಾಡು, ಇನೊವೇಷನ್ ಎಂದರೆ ಹೊಸತನ ತರುವುದು. ‘ಮೃತ’ ಇದ್ದಲ್ಲಿ ಮಾರ್ಟ್: ಮಾರ್ಟಲ್ ಎಂದರೆ ಸಾಯುವವ, ಇಮ್ಮಾರ್ಟಲ್ ಎಂದರೆ ಅಮರ. ‘ಅಗ್ನಿ’ಗೆ ಇಗ್ನೈಟ್, ‘ಸರ್ಪ’ಕ್ಕೆ ಸರ್ಪೆಂಟ್, ‘ದಾನ’ಕ್ಕೆ ಡೊನೇಟ್, ‘ಮಧ್ಯ’ಕ್ಕೆ ಮೀಡಿಯೇಟ್. ಮೀಡಿಯೋಕರ್ ಎಂಬುದೂ ಅಲ್ಲಿಂದಲೇ, ಅತ್ತ ಚೆನ್ನವೂ ಅಲ್ಲ ಇತ್ತ ಕೆಟ್ಟದ್ದೂ ಅಲ್ಲ, ಆದರೆ ಇಂದಿನ ಬಳಕೆಯಲ್ಲಿ ಅದು ತೆಗಳಿಕೆ.

‘ವಾಕ್’ನ ಸೋದರ ವೋಕ್. ವೋಕಲ್, ಅಡ್ವೊಕೇಟ್ ಎಲ್ಲರಿಗೂ ಗೊತ್ತು. ಇರೆವೊಕಬಲ್ ಎಂದರೆ ಆಡಿದ ಮಾತನ್ನು ವಾಪಸು ಕರೆಯಲಾಗದ್ದು, ಹಿಂತೆಗೆದುಕೊಳ್ಳಲಾಗದ ನಿರ್ಧಾರ. ಇಕ್ವಿವೊಕಲ್ ಎಂದರೆ ಎರಡೂ ಕಡೆಗೆ ಸಮನಾಗಿ ಮಾತಾಡುವಂಥದ್ದು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅನಿಕ್ವಿವೊಕಲ್ ಎಂದರೆ ಎರಡು ಮಾತಿಗೆ ಎಡೆಯಿಲ್ಲದ್ದು. ‘ನಾಮ’ದಿಂದ ನಾಮಿನಲ್, ಹೆಸರಿಗೆ ಮಾತ್ರ ಇರುವುದು, ಇಗ್ನೊಮಿನಿ ಎಂದರೆ ಹೆಸರು ಕಳೆದುಕೊಳ್ಳುವುದು, ಅವಮಾನ. ‘ಹೆಸರು ಕೆಟ್ಟಿತು’ ಎಂದು ನಾವೂ ಹೇಳುತ್ತೇವೆ. ‘ಪಾದ’ದ ಸೋದರ ಪೆಡ್: ಇಂಪೀಡ್ ಎಂದರೆ ಕಾಲಿಗೆ ತೊಡರು ಹಾಕು, ಅಡ್ಡಿಪಡಿಸು, ಎಕ್ಸ್‌ಪಿಡೈಟ್ ಎಂದರೆ ಕಾಲು ಬಿಡಿಸು, ಕೆಲಸ ಬೇಗ ಸಾಗಿಸು. ಮ್ಯಾಗ್ನಾನಿಮಸ್ ಎಂಬುದನ್ನು ಬಿಡಿಸಿದರೆ ಮ್ಯಾಗ್ನಸ್ ಎಂದರೆ ಮಹಾ, ಅನಿಮಸ್ ಎಂದರೆ ಮನಸ್ಸು, ಚೇತನ. ದೊಡ್ಡ ಮನಸ್ಸಿನವರು ಎನ್ನುವ ನಮ್ಮ ಮಾತು ಅಕ್ಷರಶಃ ಅದೇ.

ಆದರೆ ಬೇರು ನೆನಪಿಗೆ ಗೂಟ ಅಷ್ಟೆ, ತೀರ್ಪುಗಾರನಲ್ಲ. ಮೂರು ಕಡೆ ಕಾಲು ಜಾರುತ್ತದೆ. ಒಂದು, ಕೇಳಲು ಒಂದೇ ಥರ ಇರುವ ಬೇರೆ ಬೇರೆ ಬೇರುಗಳು: ಪೆಡೆಸ್ಟ್ರಿಯನ್‌ನಲ್ಲಿ ಇರುವುದು ಪಾದ, ಪೀಡಿಯಾಟ್ರಿಕ್ಸ್‌ನಲ್ಲಿ ಇರುವುದು ಮಗು ಎಂಬ ಅರ್ಥದ ಗ್ರೀಕ್ ಪದ. ಎರಡು, ಕಾಕತಾಳೀಯ ಹೋಲಿಕೆ: ‘ದೇವ’ ಮತ್ತು ಡಿವೈನ್ ನಿಜಕ್ಕೂ ಬಂಧುಗಳು, ‘ಸಂತ’ ಮತ್ತು ಸೇಂಟ್ ಅಲ್ಲ. ಮೂರು, ಅರ್ಥ ನಡೆದುಬಿಟ್ಟ ದೂರ: ಕ್ಯಾಂಡಿಡ್‌ನ ಲ್ಯಾಟಿನ್ ಮೂಲದಲ್ಲಿ ಅರ್ಥ ಬಿಳುಪು, ಈಗ ಮುಚ್ಚುಮರೆಯಿಲ್ಲದ ಮಾತು. ಬೇರಿನಿಂದ ಊಹಿಸಿ, ನಿಘಂಟಿನಲ್ಲಿ ಖಚಿತಪಡಿಸಿಕೊಳ್ಳಿ. ವಾರಕ್ಕೆ ಎರಡು ಬೇರು ಸಾಕು.

ಮೋಸ ಮಾಡುವ ಪದಗಳು

ನೋಡಲು ಒಂದು, ಇರುವುದು ಇನ್ನೊಂದು. ಇವನ್ನು ಪ್ರತ್ಯೇಕ ಬಣ್ಣದ ಚೀಟಿಯಲ್ಲಿ ಬರೆಯಿರಿ.

ಇನ್‌ಫ್ಲೇಮಬಲ್ ಎಂದರೆ ಬೆಂಕಿ ಹತ್ತದ್ದಲ್ಲ, ಬೇಗ ಹತ್ತುವುದು. ಇನ್‌ವ್ಯಾಲ್ಯುಯಬಲ್ ಎಂದರೆ ಬೆಲೆಯಿಲ್ಲದ್ದಲ್ಲ, ಬೆಲೆ ಕಟ್ಟಲಾಗದ್ದು. ಪೆನಲ್ಟಿಮೇಟ್ ಎಂದರೆ ಅಂತಿಮಕ್ಕಿಂತ ಮಿಗಿಲಾದದ್ದಲ್ಲ, ಕೊನೆಯದಕ್ಕಿಂತ ಒಂದು ಹಿಂದಿನದು. ಡಿಸಿಂಟರೆಸ್ಟೆಡ್ ಎಂದರೆ ಎಚ್ಚರದ ಬರಹದಲ್ಲಿ ಸ್ವಾರ್ಥವಿಲ್ಲದ, ನಿಷ್ಪಕ್ಷಪಾತಿ; ಆಸಕ್ತಿ ಇಲ್ಲದವನು ಅನಿಂಟರೆಸ್ಟೆಡ್. ಫಾರ್ಚುಯಿಟಸ್‌ನ ಮೂಲ ಅರ್ಥ ಆಕಸ್ಮಿಕ, ಅದೃಷ್ಟಶಾಲಿ ಎಂದಲ್ಲ. ಫುಲ್ಸಮ್ ಪ್ರೇಸ್ ಎಂದರೆ ತುಂಬು ಮನಸ್ಸಿನ ಹೊಗಳಿಕೆ ಎಂದುಕೊಂಡು ಧನ್ಯವಾದ ಪತ್ರದಲ್ಲಿ ಬರೆಯಬೇಡಿ, ಬಹಳ ಓದುಗರಿಗೆ ಅದು ಬೆಣ್ಣೆ ಹಚ್ಚುವ ಅತಿ ಹೊಗಳಿಕೆ. ಪ್ಲೆಥೊರ ಎಂದರೆ ಬರೀ ‘ಬಹಳ’ ಅಲ್ಲ, ಬೇಕಾದ್ದಕ್ಕಿಂತ ಹೆಚ್ಚು ಎಂಬ ಛಾಯೆ ಅದಕ್ಕಿದೆ.

ಜೋಡಿಗಳ ವಿಷಯದಲ್ಲಿ ಒಂದು ನಿಯಮ: ಗೊಂದಲ ಹುಟ್ಟಿಸುವ ಎರಡು ಪದಗಳನ್ನು ಒಂದೇ ದಿನ ಕಲಿಯಬೇಡಿ. ಇನ್‌ಜೀನಿಯಸ್ (ಜಾಣ್ಮೆಯ), ಇನ್‌ಜೆನ್ಯುಅಸ್ (ಮುಗ್ಧ) ಎರಡನ್ನೂ ಒಟ್ಟಿಗೆ ಬರೆದುಕೊಂಡರೆ ಯಾವುದು ಯಾವುದೆಂಬ ಅನುಮಾನ ಜೀವಮಾನವಿಡೀ ಉಳಿಯುತ್ತದೆ. ಮೊದಲನೆಯದು ಎರಡು ಮೂರು ವಾರದಲ್ಲಿ ಗಟ್ಟಿಯಾಗಲಿ, ಆಮೇಲೆ ಎರಡನೆಯದು. ಸಮಾನಾರ್ಥಕ, ವಿರುದ್ಧಾರ್ಥಕಗಳಿಗೂ ಇದೇ ಮಾತು. ಹತ್ತು ಸಮಾನಾರ್ಥಕಗಳನ್ನು ಒಂದೇ ಸಾಲಿನಲ್ಲಿ ಕೊಡುವ ಪುಸ್ತಕಗಳು ಗೊತ್ತಿದ್ದನ್ನು ಹೋಲಿಸಿ ನೋಡಲು ಸರಿ, ಹೊಸದಾಗಿ ಕಲಿಯಲು ಅಲ್ಲ. ಮೇಲೆ ಹೇಳಿದ ‘ಒಪ್ಪು’ ಗುಂಪನ್ನೂ ಹಾಗೆಯೇ, ಒಂದೊಂದಾಗಿ ಕಲಿತು ಕೊನೆಗೆ ಪಕ್ಕಪಕ್ಕ ಇಟ್ಟು ನೋಡಿ.

ಕಿವಿಗೆ ಬೀಳದ ಪದ ಬಾಯಿಗೆ ಬಾರದು

ಬರೆದಂತೆ ಓದುವ ಭಾಷೆ ನಮ್ಮದು, ಆ ಅಭ್ಯಾಸ ಇಲ್ಲಿ ಕೈಕೊಡುತ್ತದೆ. ಎಪಿಟೋಮ್ ಎಂದು ಕಾಣುವ ಪದ ‘ಇಪಿಟಮಿ’, ಹೈಪರ್‌ಬೋಲ್ ಎಂದು ಕಾಣುವುದು ‘ಹೈಪರ್ಬಲಿ’, ಇಂಡಿಕ್ಟ್ ಎಂದು ಕಾಣುವುದು ‘ಇಂಡೈಟ್’. ಸಟಲ್‌ನಲ್ಲಿ ಬಿ ಅಕ್ಷರ ಬರೀ ಬರವಣಿಗೆಗೆ. ಚೀಟಿ ಬರೆಯುವ ದಿನವೇ ನಿಘಂಟಿನ ಧ್ವನಿಗುಂಡಿ ಒತ್ತಿ ಮೂರು ಸಲ ಕೇಳಿ, ಮೂರು ಸಲ ಗಟ್ಟಿಯಾಗಿ ಹೇಳಿ.

ಕನ್ನಡ ಲಿಪಿಯಲ್ಲಿ ಉಚ್ಚಾರ ಬರೆದುಕೊಳ್ಳುವುದು ತಪ್ಪೇನಲ್ಲ, ಆದರೆ ಎರಡು ತಿದ್ದುಪಡಿ ಬೇಕು. ಜ಼, ಫ಼ ಎಂದು ಚುಕ್ಕೆ ಇಟ್ಟು ಬರೆಯಿರಿ. ಒತ್ತು ಬೀಳುವ ಉಚ್ಚಾರಾಂಶದ ಅಡಿ ಗೆರೆ ಎಳೆಯಿರಿ, ಏಕೆಂದರೆ ಕನ್ನಡ ಲಿಪಿ ಒತ್ತನ್ನು ತೋರಿಸುವುದಿಲ್ಲ, ಇಂಗ್ಲಿಷ್ ಕೇಳುವವರು ಪದ ಗುರುತಿಸುವುದು ಬಹುಮಟ್ಟಿಗೆ ಒತ್ತಿನಿಂದಲೇ. ಷನ್, ಇಟಿ, ಇಕ್ ಎಂಬ ಬಾಲಗಳು ಬಂದರೆ ಒತ್ತು ಸಾಮಾನ್ಯವಾಗಿ ಅವುಗಳ ಹಿಂದಿನ ಉಚ್ಚಾರಾಂಶಕ್ಕೆ ಸರಿಯುತ್ತದೆ. ಮಿಟಿಗೇಟ್‌ನಲ್ಲಿ ‘ಮಿ’ ಮೇಲಿದ್ದ ಒತ್ತು ಮಿಟಿಗೇಷನ್‌ನಲ್ಲಿ ‘ಗೇ’ಗೆ ಬರುತ್ತದೆ.

ಐದು ಪೆಟ್ಟಿಗೆಯ ಲೆಕ್ಕ

ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತೋರಿಸಿದಂತೆ, ಕಲಿತದ್ದು ಹೆಚ್ಚು ಸೋರಿಹೋಗುವುದು ಮೊದಲ ದಿನವೇ. ಆಮೇಲೆ ಸೋರಿಕೆ ನಿಧಾನ. ಆದ್ದರಿಂದ ಪುನರಾವರ್ತನೆ ಮೊದಲು ಹತ್ತಿರ ಹತ್ತಿರ, ಬರಬರುತ್ತಾ ದೂರ ದೂರ ಇರಬೇಕು. ಜರ್ಮನ್ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ವಿವರಿಸಿದ ಪೆಟ್ಟಿಗೆ ಕ್ರಮಕ್ಕೆ ವಿದ್ಯುತ್ತೂ ಬೇಡ, ಫೋನೂ ಬೇಡ.

ಐದು ಪೆಟ್ಟಿಗೆ ಅಥವಾ ಐದು ಲಕೋಟೆ. ಮೊದಲನೆಯದನ್ನು ದಿನಾ ತೆರೆಯಿರಿ, ಎರಡನೆಯದನ್ನು ಮೂರು ದಿನಕ್ಕೊಮ್ಮೆ, ಮೂರನೆಯದನ್ನು ವಾರಕ್ಕೊಮ್ಮೆ, ನಾಲ್ಕನೆಯದನ್ನು ಹದಿನೈದು ದಿನಕ್ಕೊಮ್ಮೆ, ಐದನೆಯದನ್ನು ತಿಂಗಳಿಗೊಮ್ಮೆ. ಹೊಸ ಚೀಟಿ ಮೊದಲ ಪೆಟ್ಟಿಗೆಗೆ. ಸರಿ ಹೇಳಿದರೆ ಮುಂದಿನ ಪೆಟ್ಟಿಗೆಗೆ ಬಡ್ತಿ, ತಪ್ಪಿದರೆ ಎಲ್ಲಿದ್ದರೂ ವಾಪಸು ಮೊದಲನೆಯದಕ್ಕೆ. ಆ್ಯಂಕಿಯಂಥ ಆ್ಯಪ್‌ಗಳು ಇದೇ ಲೆಕ್ಕವನ್ನು ಇನ್ನಷ್ಟು ಸೂಕ್ಷ್ಮವಾಗಿ ತಾವೇ ಮಾಡುತ್ತವೆ. ಆದರೆ ಬೇರೆಯವರು ಮಾಡಿಟ್ಟ ಸಾವಿರ ಚೀಟಿಗಳ ಕಟ್ಟು ಇಳಿಸಿಕೊಳ್ಳಬೇಡಿ. ಚೀಟಿ ಬರೆಯುವ ಹತ್ತು ನಿಮಿಷದಲ್ಲೇ ಕಲಿಕೆಯ ಒಂದು ಪಾಲು ಆಗುವುದು.

ದಿನಕ್ಕೆ 5 ಹೊಸ ಪದ ಸಾಕು. ಯಾಕೆ ಹೆಚ್ಚು ಬೇಡವೆಂದರೆ, ಒಂದು ಚೀಟಿ ಐದು ಪೆಟ್ಟಿಗೆ ದಾಟಲು ಕನಿಷ್ಠ ಐದು ಸಲ ಕೈಗೆ ಬರಬೇಕು. ಒಂದೆರಡು ತಿಂಗಳಾಗುವಷ್ಟರಲ್ಲಿ ದಿನಕ್ಕೆ 25 ಚೀಟಿ, ತಪ್ಪಿದವೂ ಸೇರಿ 30–35. ಒಂದಕ್ಕೆ 20 ಸೆಕೆಂಡು ಎಂದರೆ 10–12 ನಿಮಿಷ. ಉತ್ಸಾಹದಲ್ಲಿ ದಿನಕ್ಕೆ 20 ಹೊಸ ಪದ ಸೇರಿಸಿದರೆ ಅದೇ ಲೆಕ್ಕದಲ್ಲಿ ಪುನರಾವರ್ತನೆಗೇ ಮುಕ್ಕಾಲು ಗಂಟೆ ಬೇಕಾಗುತ್ತದೆ. ಮೂರು ದಿನ ತಪ್ಪಿಸಿದರೆ ನಾನೂರು ಚೀಟಿ ಬಾಕಿ, ಅಲ್ಲಿಗೆ ಪೆಟ್ಟಿಗೆ ಅಟ್ಟ ಸೇರುತ್ತದೆ. ಬಾಕಿ ಬಿದ್ದರೆ ಹೊಸ ಪದ ನಿಲ್ಲಿಸಿ ಮೊದಲು ಹಳೆಯದನ್ನು ತೀರಿಸಿ.

ಚೀಟಿ ತಿರುಗಿಸುವ ಮೊದಲು ಉತ್ತರವನ್ನು ಬಾಯಿಬಿಟ್ಟು ಹೇಳಲೇಬೇಕು. ‘ಗೊತ್ತು ಗೊತ್ತು’ ಎಂದುಕೊಂಡು ತಿರುಗಿಸಿದರೆ ನಡೆಯುವುದು ಗುರುತಿಸುವಿಕೆ, ನೆನಪಿಸಿಕೊಳ್ಳುವಿಕೆಯಲ್ಲ.

ಶುರುಮಾಡಲು ಹತ್ತು ಪದ

ಎರಡು ದಿನದ ಕೋಟಾ ಇದು. ಪ್ರತಿಯೊಂದಕ್ಕೂ ಮೇಲೆ ಹೇಳಿದಂತೆ ಚೀಟಿ ಮಾಡಿ, ಕಾಣೆಯಾಗಿರುವ ವಿವರ ನಿಘಂಟಿನಿಂದ ತುಂಬಿಸಿ.

- ಪ್ರಾಗ್ಮ್ಯಾಟಿಕ್: ಆದರ್ಶಕ್ಕಿಂತ ಆಗುಹೋಗು ನೋಡುವ. ಅಪ್ರೋಚ್, ಸೊಲ್ಯೂಷನ್ ಜೊತೆ.
- ಮೆಟಿಕ್ಯುಲಸ್: ಚೂರೂ ಬಿಡದೆ ಅಚ್ಚುಕಟ್ಟಾಗಿ ಮಾಡುವ. ಪ್ಲಾನಿಂಗ್, ಅಟೆನ್ಷನ್ ಟು ಡಿಟೇಲ್ ಜೊತೆ. ಹೊಗಳಿಕೆ.
- ಯುಬಿಕ್ವಿಟಸ್: ಎಲ್ಲಿ ನೋಡಿದರಲ್ಲಿ ಇರುವ. ಮೊಬೈಲ್ ಫೋನಿಗೆ ಹೇಳಿ ಮಾಡಿಸಿದ ಪದ.
- ಎಫೆಮರಲ್: ಕ್ಷಣಿಕ. ಫೇಮ್, ಪ್ಲೆಷರ್ ಜೊತೆ.
- ಆಬ್ಸಲೀಟ್: ಹೊಸತು ಬಂದಿದ್ದರಿಂದ ಬಳಕೆ ತಪ್ಪಿದ. ಟೆಕ್ನಾಲಜಿ ಜೊತೆ, ಬಿಕಮ್ ಕ್ರಿಯಾಪದದೊಂದಿಗೆ.
- ಎಕ್ಸಾಸರ್ಬೇಟ್: ಮೊದಲೇ ಕೆಟ್ಟಿರುವುದನ್ನು ಉಲ್ಬಣಗೊಳಿಸು. ಪ್ರಾಬ್ಲಮ್, ಸಿಚುಯೇಷನ್, ಟೆನ್ಷನ್ಸ್ ಜೊತೆ. ಒಳ್ಳೆಯದಕ್ಕೆ ಎಂದೂ ಬಳಸುವುದಿಲ್ಲ.
- ಕೊರಾಬರೇಟ್: ಬೇರೆ ಸಾಕ್ಷ್ಯದಿಂದ ಹೇಳಿಕೆಯನ್ನು ಪುಷ್ಟೀಕರಿಸು. ಎವಿಡೆನ್ಸ್, ಸ್ಟೇಟ್‌ಮೆಂಟ್ ಜೊತೆ. ಕೊಲಾಬರೇಟ್ (ಜೊತೆಗೂಡಿ ಕೆಲಸ ಮಾಡು) ಬೇರೆ.
- ಅಂಡರ್ಮೈನ್: ತಳ ಕೊರೆದು ದುರ್ಬಲಗೊಳಿಸು. ಕಾನ್‌ಫಿಡೆನ್ಸ್, ಅಥಾರಿಟಿ ಜೊತೆ.
- ಟೆನೇಷಿಯಸ್: ಹಿಡಿದ ಪಟ್ಟು ಬಿಡದ. ಆಬ್‌ಸ್ಟಿನೇಟ್ ಕೂಡ ಹಟವೇ, ಆದರೆ ಅದು ಬೈಗುಳ.
- ರಿಲಕ್ಟಂಟ್: ಮನಸ್ಸಿಲ್ಲದ, ಹಿಂದೇಟು ಹಾಕುವ. ಮುಂದೆ ಟು ಬರುತ್ತದೆ.

ಬರೆದು ನೋಡುವುದು

ವಾರದ ಕೊನೆಗೆ 120 ಪದಗಳ ಒಂದು ಪ್ಯಾರಾ. ಆ ವಾರದ ಪದಗಳಲ್ಲಿ ಮೂರನ್ನು ಮಾತ್ರ ಬಳಸಿ. ಎಲ್ಲವನ್ನೂ ತುರುಕಿದರೆ ವಾಕ್ಯಗಳು ಪದಗಳಿಗಾಗಿ ಹುಟ್ಟುತ್ತವೆ, ಹೇಳಬೇಕಾದದ್ದು ಎಲ್ಲೋ ಕಳೆದುಹೋಗುತ್ತದೆ. ಬರೆದ ಮೇಲೆ ಹೊಸ ಪದ ಮತ್ತು ಅದರ ಪಕ್ಕದ ಪದವನ್ನು ಜೋಡಿಯಾಗಿ ಉದ್ಧರಣ ಚಿಹ್ನೆಯೊಳಗೆ ಇಟ್ಟು ಅಂತರ್ಜಾಲದಲ್ಲಿ ಹುಡುಕಿ. ಹೆಸರಾಂತ ಇಂಗ್ಲಿಷ್ ಪತ್ರಿಕೆ, ಪುಸ್ತಕಗಳಲ್ಲಿ ಆ ಜೋಡಿ ಹೇರಳವಾಗಿ ಸಿಕ್ಕರೆ ಸರಿ. ಬೆರಳೆಣಿಕೆಯಷ್ಟು ಸಿಕ್ಕರೆ ಅದು ಕನ್ನಡದಲ್ಲಿ ಯೋಚಿಸಿ ಇಂಗ್ಲಿಷಿನಲ್ಲಿ ಬರೆದ ಜೋಡಿ, ನಿಘಂಟಿಗೆ ಮರಳಿ ಸಂಗಡಿಗರನ್ನು ನೋಡಿ.

ಐದನೆಯ ಪೆಟ್ಟಿಗೆಯನ್ನೂ ದಾಟಿದ ಚೀಟಿಯನ್ನು ಎಸೆಯಬೇಡಿ, ಒಂದು ಡಬ್ಬಿಯಲ್ಲಿ ಹಾಕಿಡಿ. ಆರು ತಿಂಗಳ ಮೇಲೆ ಕಣ್ಣು ಮುಚ್ಚಿ 30 ಚೀಟಿ ಎತ್ತಿ ಪರೀಕ್ಷಿಸಿಕೊಳ್ಳಿ. 25ಕ್ಕಿಂತ ಹೆಚ್ಚು ಸರಿಯಾದರೆ ದಿನದ ಕೋಟಾವನ್ನು 7ಕ್ಕೆ ಏರಿಸಬಹುದು. 20ಕ್ಕಿಂತ ಕಡಿಮೆಯಾದರೆ 3ಕ್ಕೆ ಇಳಿಸಿ, ತಪ್ಪಿದ ಚೀಟಿಗಳ ಬೆನ್ನು ತಿರುವಿ ನೋಡಿ. ‘ನಿಮ್ಮದೇ ವಾಕ್ಯ’ದ ಸಾಲು ಖಾಲಿ ಬಿಟ್ಟ ಚೀಟಿಗಳೇ ಅಲ್ಲಿ ಹೆಚ್ಚಾಗಿ ಸಿಕ್ಕಾವು.